ಅಣ್ಣಿಗೇರಿಯ ಹೊಲದಲ್ಲಿ ಕಂಡ ಲೆಕ್ಕ

ಕಳೆದ ಭಾದ್ರಪದದಲ್ಲಿ ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೋಗುವ ರೈಲನ್ನೇರಿ ಅಣ್ಣಿಗೇರಿಯಲ್ಲಿ ಇಳಿದೆನು. ಆದಿಕವಿ ಪಂಪನ ಸ್ಮರಣೆಯಿಂದ ಪಾವನವಾದ ಆ ಊರಿನಲ್ಲಿ ಅಮೃತೇಶ್ವರನ ದರ್ಶನವನ್ನು ಮಾಡಿಕೊಂಡ ತರುವಾಯ, ನನ್ನ ಹಳೆಯ ಶಿಷ್ಯನೊಬ್ಬನು ತನ್ನ ಹೊಲಕ್ಕೆ ಕರೆದೊಯ್ದನು. ಕಣ್ಣು ಹಾಯುವವರೆಗೂ ಎರೆಯ ಭೂಮಿ. ಅದರಲ್ಲಿ ಮೆಣಸಿನ ಗಿಡಗಳ ಸಾಲು.

ಹೊಲದಲ್ಲಿ ನಾಲ್ಕಾರು ಹೆಣ್ಣುಮಕ್ಕಳು ಕಸ ಕೀಳುತ್ತಿದ್ದರು. ಅದನ್ನು ಕಂಡು ಶಿಷ್ಯನು ತನ್ನ ತಾಯಿಯ ಮೇಲೆ ಅಸಮಾಧಾನಗೊಂಡನು.

“ಎರಡು ಸಲ ಎಡಿ ಹೊಡದೇವಿ, ಎರಡು ಸಲ ಕಸಾ ತಗಸೇವಿ. ಬೆಳಿ ಮ್ಯಾಲಕ್ಕ ಬಂದೈತಿ. ಇನ್ನ ಯಾಕ ಕೂಲಿ ಕೊಡೂದು? ನೀವ ಹೇಳ್ರಿ, ಮಾಸ್ತರ್ರ.”

ತಾಯಿಯು ಶಾಂತವಾಗಿಯೇ ಉತ್ತರವಿತ್ತರು: “ಇದು ಈ ವರ್ಷದ ಖರ್ಚಲ್ಲೋ ಯಪ್ಪಾ. ಮುಂದಿನ ವರ್ಷದ ಸಾಲಾ ಈಗ ಹರಕೊಳ್ಳೂದು.”

ಶಿಷ್ಯನ ಮಾತು ಸುಳ್ಳೇನೂ ಅಲ್ಲ. ಬೆಳೆಯ ಎಳವೆಯ ದಿನಗಳಲ್ಲಿ ಕಳೆಯು ಮಾಡುವ ಹಾನಿಯೇ ಹೆಚ್ಚು. ಪೈರು ಬಲಿತ ಮೇಲೆ ಹುಟ್ಟುವ ಕಳೆಯಿಂದ ಆ ವರ್ಷದ ಇಳುವರಿಗೆ ಬರುವ ಕುಂದು ಅಲ್ಪ. ಒಂದು ವರ್ಷದ ಲೆಕ್ಕವನ್ನು ಮಾತ್ರ ಬರೆದರೆ ಈ ಕೂಲಿಯು ನಷ್ಟವೆಂದೇ ತೋರುವುದು. ಆದರೆ ಹಾಗೆ ಉಳಿದ ಗಿಡವು ಬೀಜವನ್ನುದುರಿಸುವುದು. 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡು, ಈಗ ನಮ್ಮ ಬದುಗಳನ್ನೆಲ್ಲ ಆಕ್ರಮಿಸಿರುವ ಪಾರ್ಥೇನಿಯಮ್, ಅಂದರೆ ಕಾಂಗ್ರೆಸ್ ಕಸ, ಒಂದು ಗಿಡದಿಂದಲೇ 15,000ಕ್ಕೂ ಮೇಲ್ಪಟ್ಟು ಬೀಜಗಳನ್ನು ಚೆಲ್ಲಬಲ್ಲದು. ಮಣ್ಣಿನಲ್ಲಿ ಹೂತ ಬೀಜಗಳು ವರ್ಷಗಟ್ಟಲೆ ಜೀವದಿಂದಿರುವುವು. ಅಸಲು ಭೂಮಿಯಲ್ಲಿ ಅಡಗಿರುವಾಗ ಬಡ್ಡಿಯು ಪ್ರತಿ ಮಳೆಗಾಲಕ್ಕೂ ತಪ್ಪದು.

ಕರಿಕೆ ಜೇಕುಗಳ ಕಥೆಯು ಇನ್ನೂ ಕಠಿನ. ಪೂಜೆಗೆ ದೂರ್ವೆಯಾಗಿ, ಔಷಧಕ್ಕೆ ಮುಸ್ತೆಯಾಗಿ ನಾವು ಆದರಿಸುವ ಇವೇ, ಕುಂಟೆಗೆ ಸಿಕ್ಕಿ ತುಂಡಾದರೆ ತುಂಡುತುಂಡಾಗಿಯೇ ಚಿಗುರುವುವು. ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆದು ಬೇರುಗಳನ್ನು ಬಿಸಿಲಿಗೊಡ್ಡಿ ಆಯ್ದುಹಾಕುವುದು ದುಬಾರಿಯ ಕೆಲಸ. ಆದರೆ ಅದರ ಫಲವು ಹಲವು ವರ್ಷಗಳಿಗೆ ಹರಡುವುದು.

ಅಗ್ಗವಾದ ಕಳೆನಾಶಕವಿರಲು ಈ ಶ್ರಮವೇಕೆಂದು ವಾಚಕರು ಕೇಳಬಹುದು. ಹರಿಯಾಣದ ಗೋಧಿಯ ಹೊಲಗಳಲ್ಲಿ ವರ್ಷವರ್ಷವೂ ಐಸೋಪ್ರೊಟ್ಯುರಾನ್ ಎಂಬ ಒಂದೇ ಔಷಧವನ್ನು ಸಿಂಪಡಿಸಿದುದರಿಂದ, 1990ರ ದಶಕದ ಆರಂಭದಲ್ಲಿ ಅದಕ್ಕೆ ಮಣಿಯದ ಕಳೆಯೇ ಅಲ್ಲಿ ಬೆಳೆದು ನಿಂತಿತು. ಆ ಅಗ್ಗವೂ ಕೊನೆಗೆ ತುಟ್ಟಿಯಾಯಿತು.

ಬದುವಿನಾಚೆಯ ಹೊಲವು ಬಿಳಿಯ ಹೂಗಳಿಂದ ತುಂಬಿತ್ತು. ಅದನ್ನು ವರ್ಷಕ್ಕೊಬ್ಬರು ಸಾಗುವಳಿ ಮಾಡುವರಂತೆ. ಬರುವ ವರ್ಷ ಮತ್ತೊಬ್ಬನ ಪಾಲಾಗುವ ನೆಲಕ್ಕೆ ಇಂದು ಯಾರು ತಾನೇ ಕೂಲಿ ಸುರಿಯುವರು? ಅವರನ್ನು ಹಳಿಯಲು ನನಗೆ ಮನಸ್ಸಾಗಲಿಲ್ಲ.

“ಅಲ್ಲಿಂದ ಬೀಜಾ ಹಾರಿ ಬಂದs ಬರ್ತಾವ. ನಮ್ಮದಷ್ಟ ಕಿತ್ತರ ಏನಾತು?” ಎಂದು ಶಿಷ್ಯನು ಕೇಳಿದನು.

“ಅದಕ್ಕs ಬದುವಿಂದೂ ಕೀಳಸ್ತೀನಿ. ಆಚಿಯವರಿಗೂ ಹೇಳೇನಿ,” ಎಂದು ತಾಯಿಯು ಕೈಗೆ ಬಟ್ಟೆ ಸುತ್ತಿಕೊಂಡು ಬಾಗಿದರು.

ಸಂಸ್ಕೃತದ ಕಲಾ ಶಬ್ದದಿಂದ ಬಂದ ‘ಕಳೆ’ಯು ಮುಖದ ಕಾಂತಿ, ಹೊಲದ ‘ಕಳೆ’ಯು ಅಚ್ಚಗನ್ನಡದ ಕೇಡು. ಮೊದಲನೆಯದು ಉಳಿಯಬೇಕಾದರೆ ಎರಡನೆಯದನ್ನು ಹೂವಿಗೆ ಮುಂಚೆಯೇ ಕಳೆಯಬೇಕೆಂದು ನಾನು ಶಿಷ್ಯನಿಗೆ ಹೇಳಿದೆನು. ಅವನು ನಕ್ಕು, ಸಂಜೆ ಆ ಹೆಣ್ಣುಮಕ್ಕಳ ಕೂಲಿಯನ್ನು ತಾನೇ ಎಣಿಸಿ ಕೊಟ್ಟನು.