ಕಲ್ಲಚ್ಚಿನ ಮಂಗಳೂರು

ಜುಲೈ 1 ಬಂತೆಂದರೆ ನಮ್ಮೂರಿನ ಹೆಸರು ಪತ್ರಿಕಾ ದಿನದ ಭಾಷಣಗಳಲ್ಲಿ ತಪ್ಪದೆ ಕೇಳಿಬರುತ್ತದೆ. 1843ರ ಆ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಇಲ್ಲಿ ಹೊರಬಂತು. ಸಂಪಾದಕರು ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್. ಪರೀಕ್ಷೆಗೆ ಇಷ್ಟು ಸಾಕು, ಅಂಕ ಸಿಗುತ್ತದೆ. ನನಗಿದ್ದ ಕುತೂಹಲವೇ ಬೇರೆ. ಊರಿನ ಹೆಸರು ಹೊತ್ತ ಆ ಪತ್ರಿಕೆ ಎಂಟೇ ತಿಂಗಳಲ್ಲಿ ಊರು ಬಿಟ್ಟದ್ದೇಕೆ?

ಅಚ್ಚುಮೊಳೆ ಇಲ್ಲದ್ದಕ್ಕೆ! ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ತೆರೆದ ಅಚ್ಚುಕೂಟದಲ್ಲಿದ್ದದ್ದು ಕಲ್ಲಚ್ಚು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಅಕ್ಷರ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮತ್ತೆ ಶಾಯಿ ಸವರುವುದು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವಲ್ಲ, ಶಾಯಿ ಅಕ್ಷರಕ್ಕಷ್ಟೇ ಅಂಟುತ್ತದೆ. ಕೈ ಬರೆದದ್ದೆಲ್ಲ ಅಚ್ಚಾಗುತ್ತದೆ, ನಿಜ. ಆದರೆ ಪ್ರತಿ ಪುಟವನ್ನೂ ಒಬ್ಬರು ಕೂತು ಬರೆಯಲೇಬೇಕು. ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆಗೆ ಇದು ಸಣ್ಣ ಪಾಡಲ್ಲ. 1844ರ ಮಾರ್ಚಿನಲ್ಲಿ ಅದು ಮೊಳೆಯಚ್ಚು ಇದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಹಾಗಾದರೆ ಮೊಳೆ ಮಾಡಿಸಿಕೊಂಡರೆ ಮುಗಿಯಿತಲ್ಲ ಎನ್ನಬೇಡಿ. ಎಳವೆಯಲ್ಲಿ ನಾನು ಮದುವೆ ಕಾಗದದ ಮೊಳೆ ಜೋಡಿಸುವುದನ್ನು ಗಂಟೆಗಟ್ಟಲೆ ನೋಡುತ್ತಾ ನಿಂತದ್ದುಂಟು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿದರೂ ಐವತ್ತೆರಡು. ಕನ್ನಡಕ್ಕೆ ಕಾಗುಣಿತ ಬೇರೆ, ಒತ್ತು ಬೇರೆ, ಕೊಂಬು ಬೇರೆ. ಮೊಳೆ ಜೋಡಿಸುವವರ ಕೈ ಕಣ್ಣಿಗಿಂತ ಮುಂದೆ ಓಡುತ್ತಿತ್ತು. ಒತ್ತಕ್ಷರ ಕಷ್ಟವೆಂದು ಮುಖ ಸಿಂಡರಿಸುವ ಮಕ್ಕಳೇ, ನಿಮಗಿಂತ ಮೊದಲು ಬೆವರಿದವರು ಅಚ್ಚುಕೂಟದವರು.

1850ರ ದಶಕದಲ್ಲಿ ಗೇಯಾರ್ಗ್ ಪ್ಲೆಬ್ಸ್ಟ್ ಎಂಬವರ ಕಾಲಕ್ಕೆ ಮಂಗಳೂರಿಗೂ ಮೊಳೆಯಚ್ಚು ಬಂತು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದವರೂ ಇವರೇ. ಹೆಂಚಿನ ಹೆಸರಿನಲ್ಲಿ ನಮ್ಮೂರು ಲೋಕಕ್ಕೆಲ್ಲ ಗೊತ್ತಾಯಿತು. ಅಚ್ಚಿನ ಮೊಳೆಯನ್ನು ಊರಿನವರೇ ಮರೆತೆವು.

ಆ ಅಚ್ಚುಕೂಟದಲ್ಲೇ ತುಳು ಕೂಡ ಕನ್ನಡ ಲಿಪಿ ತೊಟ್ಟು ಪುಸ್ತಕವಾಯಿತು. 1886ರಲ್ಲಿ ಮ್ಯಾನರರ ತುಳು ನಿಘಂಟು, 1894ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು. ಸುಮಾರು 70,000 ಪದಗಳು, ಒಂದೊಂದೂ ಕೈಯಿಂದ ಜೋಡಿಸಿದ್ದು. ದೊಡ್ಡ ಗ್ರಂಥಾಲಯಕ್ಕೆ ಹೋದಾಗ ಆ ಪುಸ್ತಕವನ್ನು ಕೇಳಿ ಪಡೆದು, ಒಂದು ಪುಟವನ್ನಾದರೂ ಬಿಡಿಸಿ ನೋಡಿ. ಎತ್ತಲು ಮಾತ್ರ ಎರಡು ಕೈ ಬೇಕು.