ಮಗುವಿನ ಗಾಡಿಗೊಂದು ನೆರಳು

ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಅವತ್ತು ರಸ್ತೆಯೆಲ್ಲ ಮಕ್ಕಳದೇ. ನನ್ನ ಕಣ್ಣು ಹೋಗುವುದು ಸ್ಟ್ರಾಲರಿನಲ್ಲಿ ಮಲಗಿರುವ ಕೂಸುಗಳ ಕಡೆಗೆ. ಮರದ ನೆರಳಿರುವ ತನಕ ಸುಖನಿದ್ದೆ. ಗಾಡಿ ಬಯಲಿಗೆ ಬಂತೋ, ಕಣ್ಣು ಕಿವುಚಿ ಅಳು ಶುರು. ಹಸಿವಿರಬೇಕೆಂದು ಅಪ್ಪ ಅಮ್ಮ ಬಾಟಲಿ ಹುಡುಕುತ್ತಾರೆ. ಪಾಪ, ಕೂಸು ಕೇಳುತ್ತಿರುವುದು ನೆರಳು.

ಈ ಮಡಚುವ ಗಾಡಿ ಹುಟ್ಟಿದ್ದೇ ಒಬ್ಬ ಅಜ್ಜನ ಅಕ್ಕರೆಯಿಂದ. ಇಂಗ್ಲೆಂಡಿನ ಓವನ್ ಮೆಕ್ಲಾರೆನ್ ವಿಮಾನಗಳ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ಚೌಕಟ್ಟಿಗೆ ಕೆಲಸ ಮಾಡಿದವರು. ಭಾರದ ಗಾಡಿಯೊಂದಿಗೆ ಮಗಳು ಪಡುತ್ತಿದ್ದ ಪಾಡು ನೋಡಲಾರದೆ, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಕೊಡೆಯ ಹಾಗೆ ಮಡಚುವ ಗಾಡಿ ರೂಪಿಸಿದರು. ತೂಕವೇನೋ ಇಳಿಯಿತು. ಆದರೆ ಹಳೆಯ ಗಾಡಿಗಿದ್ದ ಆಳವಾದ ಗೂಡು ಇಂಥ ಹಗುರ ಗಾಡಿಗಳಿಗೆ ಇರುವುದಿಲ್ಲ. ಮೇಲಿನ ಗಿಡ್ಡ ಚಾವಣಿ ನೆತ್ತಿಯ ಬಿಸಿಲನ್ನು ತಡೆದೀತು. ಬೆಳಗ್ಗೆ, ಸಂಜೆ ಓರೆಯಾಗಿ ನುಗ್ಗುವ ಬಿಸಿಲು ನೇರ ಮುಖಕ್ಕೇ ಬೀಳುತ್ತದೆ.

ಅದಕ್ಕೇ ಬೇರೆ ಪರದೆ. ಬ್ರೇಕ್ ಹಾಕಿ, ಚಾವಣಿಯನ್ನು ಪೂರ್ತಿ ಬಿಚ್ಚಿ, ಪರದೆಯ ಎಲಾಸ್ಟಿಕ್ ಅಂಚನ್ನು ಅದರ ಬಾಯಿಗೆ ಸಿಕ್ಕಿಸಿ, ವೆಲ್ಕ್ರೋ ಪಟ್ಟಿಗಳನ್ನು ಎರಡೂ ಬದಿಯ ಕೊಳವೆಗೆ ಬಿಗಿಯಬೇಕು. ದಾರ, ಲಾಡಿ ಯಾವುದೂ ಮಗುವಿನ ಕೈಗೆ ಎಟುಕುವಂತೆ ಜೋತಾಡಬಾರದು, ಚಕ್ರಕ್ಕೂ ಸಿಕ್ಕಬಾರದು. ರಸ್ತೆ ತಿರುಗಿದಾಗ ಬಿಸಿಲಿನ ದಿಕ್ಕೂ ಬದಲಾಗುತ್ತದೆ, ಪರದೆಯನ್ನೂ ಸರಿಸಿ. ಯುಪಿಎಫ್ 50 ಎಂದು ಬರೆದಿದ್ದರೆ ಅತಿನೇರಳೆ ಕಿರಣದ ಐವತ್ತರಲ್ಲೊಂದು ಪಾಲಷ್ಟೇ ಬಟ್ಟೆ ದಾಟುತ್ತದೆ ಎಂದರ್ಥ.

ನನಗೆ ನಿಜವಾಗಿ ದಿಗಿಲಾಗುವುದು ಇಡೀ ಗಾಡಿಗೆ ಟವೆಲ್ಲೋ ಹಳೆ ಸೀರೆಯ ತುಂಡೋ ಹೊದಿಸಿದ್ದನ್ನು ಕಂಡಾಗ. ಹೊದಿಸಿದವರ ಪ್ರೀತಿ ದೊಡ್ಡದು, ಆದರೆ ಒಳಗೆ ಗಾಳಿಯಾಡದೆ ಸೆಕೆ ಏರುತ್ತದೆ. ತೆಳು ಬಟ್ಟೆಯಾದರೂ ಅಷ್ಟೇ. ಎಳೆಕೂಸಿನ ಮೈ ನಮ್ಮ ಮೈಯಂತೆ ಬೇಗ ತಂಪಾಗಲಾರದು. ಸಿಡ್ನಿ ವಿಶ್ವವಿದ್ಯಾಲಯದವರು ಅಳೆದೇ ನೋಡಿದ್ದಾರೆ: ಒಣ ಬಟ್ಟೆ ಮುಚ್ಚಿದರೆ ಗಾಡಿಯೊಳಗೆ ಬಿಸಿ ಹೆಚ್ಚಿತು, ಒದ್ದೆ ಬಟ್ಟೆಯ ಜೊತೆ ಪುಟ್ಟ ಫ್ಯಾನ್ ಇಟ್ಟಾಗ ಇಳಿಯಿತು.

ಆರು ತಿಂಗಳೊಳಗಿನ ಮಗುವಿಗೆ ನೇರ ಬಿಸಿಲು ಬೇಡವೆಂದೇ ಮಕ್ಕಳ ವೈದ್ಯರು ಹೇಳುವುದು. ಪರದೆ ಕಟ್ಟಿ, ಆದರೆ ಗಾಳಿಗೂ ನಿಮ್ಮ ಕಣ್ಣಿಗೂ ದಾರಿ ಬಿಡಿ. ಆಗಾಗ ನಿಂತು ಮಗುವಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬಿಸಿಯೇರಿ ಬೆವತಿದ್ದರೆ ತಕ್ಷಣ ಗಾಡಿಯಿಂದ ಎತ್ತಿಕೊಳ್ಳಿ.