ಮಾವನ ಡಬ್ಬಿಯ ತೂತಿನ ಕಾಸು

ನನ್ನ ಸೋದರಮಾವನ ಮನೆ ಹೊಸ ತಿಪ್ಪಸಂದ್ರದಲ್ಲಿ. ಎಚ್.ಎ.ಎಲ್. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. ಹೋದ ವರ್ಷ ತೀರಿಕೊಂಡರು. ಅತ್ತೆ ನನ್ನ ಕೈಗೆ ಹಳೆಯ ನಶ್ಯದ ಡಬ್ಬಿಯೊಂದನ್ನು ಕೊಟ್ಟು, “ಇದು ನಿನಗೇ ಸೇರಬೇಕು ಅಂದಿದ್ರಮ್ಮ” ಎಂದರು. ಒಳಗೆ ಮೂರು ತೂತಿನ ಕಾಸು.

ಅಜ್ಜ-ಅಜ್ಜಿಯರಿಗೆ ತೂತಿನ ಕಾಸು ಗೊತ್ತು. 1943ರಿಂದ 1947ರವರೆಗೆ ನಮ್ಮಲ್ಲಿ ಟಂಕಿಸಿದ ಕಾಸಿಗೆ ನಡುವೆ ದುಂಡು ತೂತಿತ್ತು. ಈ ಕಾಸುಗಳ ತೂತು ಮಾತ್ರ ಚೌಕ. ಸುತ್ತ ನಾಲ್ಕು ಚೀನೀ ಅಕ್ಷರ.

ನೋಡುತ್ತಲೇ ನನಗೆ ಕಸಿವಿಸಿಯಾಯಿತು. ನಾನು ಹನ್ನೆರಡು ವರ್ಷದವಳಿದ್ದಾಗ ಮಾವ, “ನಮ್ಮ ತಾತ ಮದ್ರಾಸ್ ಸ್ಯಾಪರ್ಸ್ ಪಡೆಯಲ್ಲಿದ್ರು, ಹಡಗು ಹತ್ತಿ ಚೀನಾಕ್ಕೆ ಹೋಗಿದ್ರು” ಎಂದು ಶುರುಮಾಡಿದ್ದರು. “ಮಾವ ಬರೀ ಬುರುಡೆ ಬಿಡ್ತಾರೆ!” ಎಂದು ಎಲ್ಲರೆದುರು ಕೂಗಿದ್ದೆ. ಎಲ್ಲರೂ ನಕ್ಕರು, ಮಾವನೂ ನಕ್ಕರು. ಮತ್ತೆಂದೂ ನನ್ನೆದುರು ಆ ಮಾತೆತ್ತಲಿಲ್ಲ.

ಕಾಸು ಮಂಕಾಗಿದ್ದವು. ಹುಣಸೆಹಣ್ಣು ಹಾಕಿ ಉಜ್ಜಲು ಹೊರಟೆ. ಏಳನೇ ತರಗತಿಯ ಮೊಮ್ಮಗ, “ಬೇಡ ಅಜ್ಜಿ, ಹಳೇ ನಾಣ್ಯ ಉಜ್ಜಿದ್ರೆ ಅಕ್ಷರ ಸವೆಯುತ್ತೆ” ಎಂದು ಕಸಿದುಕೊಂಡ. ತೆಳು ಹಾಳೆ ಹೊದಿಸಿ ಮೇಲೆ ಪೆನ್ಸಿಲ್ ಆಡಿಸಿದ. ಅಕ್ಷರಗಳು ಮೂಡಿದವು. ಅವನ್ನು ಚಿತ್ರಗಳ ಜೊತೆ ಹೋಲಿಸುತ್ತಾ ಎರಡು ಭಾನುವಾರ ಕುಳಿತೆವು.

ಓದುವ ಕ್ರಮವೇ ಬೇರೆ: ಮೊದಲು ಮೇಲಿನದು, ಆಮೇಲೆ ಕೆಳಗಿನದು, ನಂತರ ಬಲ, ಕೊನೆಗೆ ಎಡ. ಮೊದಲೆರಡು ಅಕ್ಷರ ದೊರೆಯ ಆಳ್ವಿಕೆಯ ಹೆಸರು. ಉಳಿದೆರಡು ‘ತುಂಗ್ ಬಾವ್’, ಅಂದರೆ ಚಲಾವಣೆಯ ಹಣ. ಹಿಂಬದಿಯಲ್ಲಿ ಮಂಚು ಲಿಪಿಯಲ್ಲಿ ಟಂಕಸಾಲೆಯ ಗುರುತು. ಇವನ್ನು ಅಚ್ಚಿಗೆ ಲೋಹ ಎರೆದು ಮಾಡುತ್ತಿದ್ದರು. ಚೌಕ ತೂತಿಗೆ ಚೌಕ ಸಲಾಕೆ ಪೋಣಿಸಿದರೆ ಕಾಸು ತಿರುಗದು, ಅಂಚು ಅರ ಹಾಕುವುದು ಸುಲಭ. ಸಂತೆಗೆ ಹೋಗುವವರು ದಾರದಲ್ಲಿ ಪೋಣಿಸಿಕೊಂಡು ಹೋಗುತ್ತಿದ್ದರು.

ನಮ್ಮ ಎರಡು ಕಾಸು ಚಿಯೆನ್‌ಲುಂಗ್ ದೊರೆಯವು, 1736ರಿಂದ 1795ರ ಕಾಲದವು. ಮೂರನೆಯದು ಕುವಾಂಗ್‌ಶು ದೊರೆಯದು, 1875ರಿಂದ 1908ರ ನಡುವಿನದು. ಚೀನಾದಲ್ಲಿ ಬಾಕ್ಸರ್ ದಂಗೆ ಎದ್ದದ್ದು 1900ರಲ್ಲಿ. ಬ್ರಿಟಿಷರು ಅಲ್ಲಿಗೆ ಕಳಿಸಿದ ಭಾರತದ ಪಡೆಗಳಲ್ಲಿ ಹಲಸೂರು ಕೆರೆಯ ಪಕ್ಕದ ನಮ್ಮ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು!

“ಹಾಗಾದ್ರೆ ಮುತ್ತಾತ ಹೋಗಿದ್ದು ನಿಜ!” ಎಂದು ನಾನು ಹಿಗ್ಗಿದೆ. ಮೊಮ್ಮಗ ತಲೆಯಾಡಿಸಿದ. “ಯಾರು ತಂದ್ರು ಅಂತ ಕಾಸು ಹೇಳಲ್ಲ ಅಜ್ಜಿ. ಆದರೆ 1908 ಆದಮೇಲಿನ ಕಾಸು ಒಂದಿದ್ರೂ ಅನುಮಾನ ಬರ್ತಿತ್ತು. ಒಂದೂ ಇಲ್ವಲ್ಲ.” ಹಳೆಯ ದೊರೆಗಳ ಕಾಸೂ ಆಗ ಚಲಾವಣೆಯಲ್ಲಿತ್ತು. ಅಂದರೆ ಮಾವನ ಮಾತಿಗೂ ಕಾಸಿಗೂ ತಾಳೆಯಾಗುತ್ತಿತ್ತು.

ಬೆಲೆ ಕೇಳಿಸಿದಾಗ ಮೊಮ್ಮಗನ ಮುಖ ಸಪ್ಪಗಾಯಿತು. ಇಂಥ ಕಾಸುಗಳನ್ನು ಕೋಟಿಗಟ್ಟಲೆ ಎರೆದಿದ್ದರಂತೆ, ಹೆಚ್ಚೇನೂ ಸಿಗದು. ಮಾರುವವರು ಯಾರು, ಬಿಡಿ!

ಅವನು ಒಂದೊಂದು ಕಾಸಿಗೂ ಪುಟ್ಟ ಚೀಟಿ ಬರೆದ: ದೊರೆ, ಕಾಲ, ತಂದವರು. ಮೂರನೆಯ ಸಾಲಿಗೆ ಬಂದು, “ಆ ತಾತನ ಹೆಸರೇನಜ್ಜಿ?” ಎಂದ.

ನನಗೆ ಗೊತ್ತಿರಲಿಲ್ಲ. ಅತ್ತೆಗೆ ಫೋನ್ ಮಾಡಿದೆ. ಅವರಿಗೂ ಗೊತ್ತಿಲ್ಲ. ಗೊತ್ತಿದ್ದವರು ಮಾವ ಒಬ್ಬರೇ, ಅವರನ್ನು ನಾನು ಹೇಳಲು ಬಿಟ್ಟಿರಲಿಲ್ಲ.

ಆ ಸಾಲು ಇನ್ನೂ ಖಾಲಿ ಇದೆ. ಮಕ್ಕಳೇ, ಈ ಸಂಜೆ ನಿಮ್ಮ ತಾತ ಏನಾದರೂ ಹೇಳಲು ಶುರುಮಾಡಿದರೆ, ಬುರುಡೆ ಅನಿಸಿದರೂ ಹೆಸರನ್ನಾದರೂ ಬರೆದಿಟ್ಟುಕೊಳ್ಳಿ.